ಸಂಕಕ್ಕೆ ಅಡ್ಡ ಇಟ್ಟಿದ್ದ ಟೊಂಗೆ

ಚನ್ನವೀರಾ, ಸಂಕದ ಬಾಯಿಗೆ ಅಡ್ಡ ಇಟ್ಟಿದ್ದ ಹಸಿರು ಟೊಂಗೆಯನ್ನು ತೆಗೆದವನು ನಾನು. ರಾಮ ನಾಯ್ಕರು ಅದನ್ನು ಇಡಲು ಮರೆತಿರಲಿಲ್ಲ. ನೀನೂ ಕಣ್ಣು ಮುಚ್ಚಿಕೊಂಡು ನಡೆದವನಲ್ಲ. ಟೊಂಗೆ ಅಲ್ಲಿತ್ತು — ನಾನು ಎತ್ತಿಕೊಂಡೆ.

ಈ ನಾಲ್ಕು ಸಾಲನ್ನು ಬರೆಯಲು ನನಗೆ ಒಂದು ಆಯುಷ್ಯ ಬೇಕಾಯಿತು. ಇನ್ನುಳಿದದ್ದರಲ್ಲಿ ನಿನಗೆ ಗೊತ್ತಿರುವುದೂ ಇದೆ. ಆದರೆ ನೀನು ಸಂಕದ ಮೇಲಿದ್ದೆ, ನಾನು ದಡದಲ್ಲಿದ್ದೆ. ದಡದಿಂದ ಕಂಡದ್ದನ್ನು ನಾನು ಯಾರಿಗೂ ಹೇಳಲಿಲ್ಲ.

ಅರವತ್ತರ ದಶಕದ ನಡುವಿನ ಮಾತು. ದೀಪಾವಳಿ ರಜೆ ಮುಗಿದು ಬಿ.ಎಸ್ಸಿ.ಯ ಕೊನೆಯ ಟರ್ಮ್ ಶುರುವಾಗಿತ್ತು. ಉಮ್ಮಚಗಿಯಿಂದ ನಾನು, ಬನವಾಸಿಯಿಂದ ನೀನು, ಶಿರಸಿಯ ಅದೇ ಬಾಡಿಗೆ ಕೋಣೆಗೆ ಮರಳಿದ್ದೆವು. ಮೊದಲ ದಿನವೇ ಸಸ್ಯಶಾಸ್ತ್ರದ ಮಾಸ್ತರರು ಹೇಳಿದ್ದು ನೆನಪಿದೆಯೇ — ಪ್ರಾಕ್ಟಿಕಲ್ ಪರೀಕ್ಷೆಗೆ ಪ್ರತಿಯೊಬ್ಬನೂ ಬೇರೆ ಯಾರೂ ತರದ ಒಂದು ಗಿಡವನ್ನು ತರಬೇಕು. ಆ ಮಾತು ನನ್ನ ತಲೆಗೆ ಹೊಕ್ಕಿತು. ಯಾರೂ ತರದ ಗಿಡ! ಆ ವಾರವೆಲ್ಲ ರಸ್ತೆ ಬದಿಯ ಬೇಲಿಗಳನ್ನೂ ಅನುಮಾನದಿಂದ ನೋಡಿದೆ. ಭಾನುವಾರ ನಿನ್ನನ್ನು ಎಬ್ಬಿಸಿಕೊಂಡು ನಿಲ್ಕುಂದದ ಬಸ್ಸು ಹತ್ತಿದೆ. ಅಲ್ಲಿ ನನ್ನ ಸೋದರಮಾವನ ಮನೆಯಿತ್ತು.

ಬಸ್ಸಿನಲ್ಲಿ ನೀನು ನಗಿಸುತ್ತಲೇ ಇದ್ದೆ. "ನಮ್ಮೂರಾಗ ದಾರಿ ಅಂದ್ರ ದಾರಿ, ನೀರು ಅಂದ್ರ ನೀರು. ನಿಮ್ಮಲ್ಲಿ ಎರಡೂ ಒಂದs ಆಗಿ ಹರೀತಾವು ನೋಡು" ಎಂದೆ. ಆಮೇಲೆ ಕಿಟಕಿಯ ಹೊರಗೆ ನೋಡುತ್ತ, "ಇದೊಂದು ಟರ್ಮ್ ಮುಗೀಲಿ. ನಾ ಕಾಲೇಜಿನ್ಯಾಗ ಕಲಿಸಾಂವ, ಅಪ್ಪನ ತಕ್ಕಡಿ ಹಿಡಿಯಾಂವ ಅಲ್ಲ" ಎಂದೆ. ನಿಮ್ಮ ಮನೆಯಲ್ಲಿ ಅಷ್ಟು ದೂರ ಓದಿ ಬಂದವನು ನೀನೊಬ್ಬನೇ. ನಿನಗೆ ಬೇಕಾಗಿದ್ದದ್ದು ಅದೊಂದು ಟರ್ಮ್.

ಸಂಕವೆಂದರೆ ಏನೆಂದು ನಿನಗೆ ಈಗ ಹೇಳಬೇಕಾಗಿಲ್ಲ. ಇದನ್ನು ಓದುವ ಉಳಿದವರಿಗಾಗಿ ಹೇಳುತ್ತೇನೆ: ಹಳ್ಳ ದಾಟಲು ಮರದ ದಿಮ್ಮಿಗಳನ್ನು ಅಡ್ಡ ಹಾಕಿ ಮಾಡಿಕೊಂಡ ಕಾಲುದಾರಿ. ಒಂದು ಮಳೆಗಾಲ ಕಳೆದರೆ ಒಳಗಿಂದೊಳಗೆ ಕೊಳೆತು ಲಡ್ಡಾಗುತ್ತದೆ, ಮೇಲಿನಿಂದ ಗೊತ್ತಾಗುವುದಿಲ್ಲ. ಹೊಸ ದಿಮ್ಮಿ ಬರುವವರೆಗೆ ಅದರ ಬಾಯಿಗೆ ಹಸಿರು ಸೊಪ್ಪಿನ ಟೊಂಗೆಯೊಂದನ್ನು ಅಡ್ಡ ಇಡುತ್ತಾರೆ. ಬೋರ್ಡಿಲ್ಲ, ಬೇಲಿಯಿಲ್ಲ. ಟೊಂಗೆ ಕಂಡವರು ಕೆಳಗಿನ ಕಲ್ಲುಗಳ ಮೇಲೆ ಹಾಯ್ದು ಹೋಗುತ್ತಾರೆ. ಇಟ್ಟವರ ಹೊರತು ಯಾರೂ ಅದನ್ನು ಮುಟ್ಟುವುದಿಲ್ಲ. ನಮ್ಮ ಕಡೆ ಮಕ್ಕಳಿಗೂ ಇದು ಗೊತ್ತು. ನನಗೆ ಗೊತ್ತಿತ್ತು — ನಿನಗೆ ಗೊತ್ತಿರಲಿಲ್ಲ.

ಬಸ್ಸಿಳಿದು ಕಾಲುದಾರಿ ಹಿಡಿದಿದ್ದೆವು. ಕಾಲಿಗೆ ಚುಚ್ಚಿದ ಮುಳ್ಳು ತೆಗೆಯಲೆಂದು ನೀನು ಹಿಂದೆ ಉಳಿದೆ. ನಾನೊಬ್ಬನೇ ಸಂಕದ ಹತ್ತಿರ ಬಂದೆ. ಟೊಂಗೆ ಅಡ್ಡ ಇತ್ತು. ಅದರ ಕವಲಿನಲ್ಲಿ ಒಂದು ಚಿಕ್ಕ ಬಂದಳಿಕೆಯಂಥದು ಅಂಟಿಕೊಂಡಿತ್ತು; ಬಗ್ಗಿ ನೋಡಿದರೆ ಬಂದಳಿಕೆಯಲ್ಲ. ಜಡೆ ಹೆಣೆದಂತೆ ಒತ್ತಾಗಿ ಕೂತ ಚಪ್ಪಟೆ ಎಲೆಗಳು, ತುದಿಯಿಂದ ಇಳಿಬಿದ್ದ ಇಲಿಬಾಲದಷ್ಟು ಸಣ್ಣ ದಂಡೆ, ಅದರ ತುಂಬ ಮರಳಿನ ಕಾಳಿನಂಥ ಕೇಸರಿ ಹೂಗಳು. ಮರದ ಮೇಲೆ ಬೆಳೆಯುವ ಆರ್ಕಿಡ್, ನಮ್ಮ ಸೀತಾಳೆಯ ಕುಲದ್ದೇ ಇರಬೇಕು. ಆದರೆ ಸೀತಾಳೆ ಮಳೆಗಾಲದ ಮೊದಲಿಗೆ ಹೂ ಬಿಡುವಂಥದು. ಈ ದಿನಗಳಲ್ಲಿ ಬಿಡುವ ಇದು ಯಾವುದು?

ಎತ್ತಿಕೊಂಡೆ. ನಾಲ್ಕು ಹೆಜ್ಜೆ ಆಚೆ, ಬಿಸಿಲು ಬಿದ್ದ ಬಂಡೆಯ ಮೇಲೆ ಕೂತು ಭೂತಗನ್ನಡಿ ಹಿಡಿದೆ. ಬೇರೆ ಟೊಂಗೆ ಮುರಿದು ಅಲ್ಲಿಟ್ಟರಾಯಿತು ಎಂಬ ಯೋಚನೆ ಬಂದಿತ್ತು. ನಿಜವಾಗಿಯೂ ಬಂದಿತ್ತೋ, ಆಮೇಲೆ ನಾನು ಸೇರಿಸಿಕೊಂಡದ್ದೋ — ಇದನ್ನು ಎಷ್ಟು ಸಲ ಕೆದಕಿದರೂ ತಳ ಸಿಗುವುದಿಲ್ಲ. ಮಸೂರದ ಕೆಳಗೆ ಹೂವಿನ ತುಟಿ ಎರಡಾಗಿ ಸೀಳಿತ್ತು. ಅದು ಮಾತ್ರ ಈಗಲೂ ಸ್ಪಷ್ಟವಾಗಿ ಕಾಣುತ್ತದೆ.

ಹಿಂದಿನಿಂದ ನಿನ್ನ ದನಿ ಬಂತು. "ಲೇ, ಇದರ ಮ್ಯಾಲ ದಾಟಬೌದಲ?"

"ಹೂಂ" ಎಂದೆ.

ತಲೆ ಎತ್ತಲಿಲ್ಲ.

ದಿಮ್ಮಿ ಮುರಿಯುವ ಸದ್ದು ದೊಡ್ಡದಾಗಿರುತ್ತದೆಂದು ಎಲ್ಲರೂ ತಿಳಿಯುತ್ತಾರೆ. ಹಾಗಿರಲಿಲ್ಲ. ಒದ್ದೆ ಬಟ್ಟೆ ಹರಿದ ಹಾಗೆ. ಆಮೇಲೆ ನಿನ್ನ ಮೈ ಕಲ್ಲಿಗೆ ಬಡಿದದ್ದು. ನೋಡಿದರೆ ನಿನ್ನ ಒಂದು ಕಾಲು ಬಂಡೆಗೂ ದಿಮ್ಮಿಗೂ ನಡುವೆ ಸಿಕ್ಕಿಬಿದ್ದಿತ್ತು; ಮುಖ ಮುಳುಗುತ್ತಿತ್ತು, ಏಳುತ್ತಿತ್ತು.

ಇನ್ನು ಮುಂದಿನದೇ ನಾನು ಹೇಳಬೇಕಾದದ್ದು. ನಾನು ತಕ್ಷಣ ನಿನ್ನ ಕಡೆ ಓಡಲಿಲ್ಲ. ಮೊದಲು ಎದ್ದು ನಿಂತು, ಕೈಯಲ್ಲಿದ್ದ ಟೊಂಗೆಯನ್ನು ಹಳ್ಳಕ್ಕೆ ಎಸೆದೆ. ಆಮೇಲೆ ಹಾರಿದೆ.

ಎಷ್ಟು ಹೊತ್ತು? ಒಂದು ಉಸಿರಿನಷ್ಟು ಇರಬಹುದು. ಆದರೆ ಅಷ್ಟರೊಳಗೆ ನನ್ನ ತಲೆ ಎಲ್ಲವನ್ನೂ ಲೆಕ್ಕ ಹಾಕಿ ಮುಗಿಸಿತ್ತು — ಟೊಂಗೆ ನನ್ನ ಹತ್ತಿರ ಕಾಣಬಾರದು ಎಂದು. ಗೆಳೆಯ ಮುಳುಗುತ್ತಿರುವಾಗ ಇಷ್ಟು ಚುರುಕಾಗಿ ಕೆಲಸ ಮಾಡುವ ಈ ತಲೆ ಯಾರದು? ಪರೀಕ್ಷೆಯ ಕೋಣೆಯಲ್ಲಿ ಎಂದೂ ಅಷ್ಟು ಚುರುಕಾಗಿರದ ನನ್ನದೇ ತಲೆ. ಆ ಹುಡುಗನನ್ನು ನಾನು ಇಂದಿಗೂ ಅದೇ ಭೂತಗನ್ನಡಿ ಹಿಡಿದು ನೋಡುತ್ತೇನೆ.

ನಾನು ಟೊಂಗೆ ಎಸೆದದ್ದು ನಿನಗಿಂತ ಮೇಲ್ಬದಿಯಲ್ಲಿ. ನಿನ್ನ ತಲೆಯನ್ನು ಎದೆಗೆ ಆನಿಸಿಕೊಂಡು ಕೂಗುತ್ತಿದ್ದಾಗ ಅದು ತೇಲಿ ಬಂತು, ನಿನ್ನ ತೋಳಿಗೆ ತಾಗಿ ಸ್ವಲ್ಪ ನಿಂತಿತು, ತಿರುಗಿ ಹೋಯಿತು. ನಿನ್ನ ಕಣ್ಣುಗಳು ತೆರೆದಿದ್ದವು.

ಕೂಗು ಕೇಳಿ ಮೊದಲು ಓಡಿ ಬಂದವರು ರಾಮ ನಾಯ್ಕರು. ಆ ಸಂಕವನ್ನು ವರ್ಷವರ್ಷವೂ ನೋಡಿಕೊಳ್ಳುತ್ತಿದ್ದವರು. ಪಕ್ಕದ ಗದ್ದೆ ಅವರದೇ. ದಿಮ್ಮಿಯನ್ನು ಎತ್ತಿ ನಿನ್ನ ಕಾಲು ಬಿಡಿಸಿದವರೂ ಅವರೇ. ನಿನ್ನನ್ನು ಕಂಬಳಿಯಲ್ಲಿ ಹೊತ್ತು ರಸ್ತೆಗೆ ತಂದಾಗ ಊರವರು ಸೇರಿದ್ದರು. ನಾಯ್ಕರು ಒದ್ದೆಯಾಗಿ ನಿಂತು ಒಂದೇ ಮಾತು ಹೇಳುತ್ತಿದ್ದರು: "ನಿನ್ನೆ ನಾನೇ ಸೊಪ್ಪು ಇಟ್ಟಿದ್ದೆ ಮಾರಾಯ್ರೆ. ಇದೇ ಕೈಯಲ್ಲಿ ಇಟ್ಟಿದ್ದೆ."

ನನ್ನ ಮಾವ, "ಕನಸಲ್ಲಿ ಇಟ್ಟಿದ್ಯೇನೋ ರಾಮ?" ಎಂದ. ಯಾರೋ ನಕ್ಕರು. ನಾಯ್ಕರು ನನ್ನತ್ತ ನೋಡಿದರು — ಸಂಕದ ಹತ್ತಿರ ಮೊದಲು ಬಂದವನು ನಾನಲ್ಲವೇ, ಸೊಪ್ಪು ಕಂಡಿರಬಹುದು ಎಂದು. ನಾನು ನೆಲ ನೋಡಿದೆ. ಮಾವ ನನ್ನ ಬೆನ್ನು ಸವರಿ, "ನಿಂದೆಂತ ತಪ್ಪಿಲ್ಲೆ ತಮಾ" ಎಂದ. ಮರುವರ್ಷ ಸಂಕ ಹಾಕುವಾಗ ಊರವರು ನಾಯ್ಕರನ್ನು ಕರೆಯಲಿಲ್ಲವಂತೆ.

ಮರುದಿನ ಸಂಜೆ ಶಿರಸಿಯ ಆಸ್ಪತ್ರೆಯಲ್ಲಿ ಮಾಸ್ತರರು ವಿಚಾರಿಸಿದಾಗ ನಾನು ಬಾಗಿಲ ಬಳಿ ನಿಂತಿದ್ದೆ. "ಯಾರ್ನೂ ಕೇಳಲಿಲ್ರಿ ಸರ್, ನಾನs ಹತ್ತಿದೆ" ಎಂದೆ ನೀನು. ನನ್ನ "ಹೂಂ" ಎಂಬುದನ್ನು ನೀನು ನುಂಗಿಬಿಟ್ಟೆ. ಯಾಕೆ? ಅವರು ಹೋದ ಮೇಲೆ, ಪ್ಲಾಸ್ಟರಿನ ಕಾಲನ್ನು ನೋಡುತ್ತ ನನ್ನನ್ನು ಕೇಳಿದೆ:

"ನಿನ್ನ ಹೂವಿನ ಹೆಸರು ಸಿಕ್ತೇನೋ?"

"ಯಾವ ಹೂವು?" ಎಂದೆ.

ನೀನು ಮತ್ತೆ ಕೇಳಲಿಲ್ಲ. ಆ ಟರ್ಮಿನಲ್ಲೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಟರ್ಮ್ ಅಂತೂ ನನ್ನೊಬ್ಬನದೇ ಆಯಿತು. ನಾನು ಪಾಸಾದೆ, ಕಾಲೇಜಿನಲ್ಲಿ ಕಲಿಸುವವನೂ ನಾನೇ ಆದೆ. ನಿನ್ನ ಮೊಣಕಾಲು ಮತ್ತೆ ಮಡಿಸಲು ಬರಲಿಲ್ಲ. ತಂದೆ ನಿನ್ನನ್ನು ಅಂಗಡಿಯಲ್ಲಿ ಕೂರಿಸಿದರು, ತಕ್ಕಡಿಯ ಮುಂದೆ. ಕೋಲೂರಿಕೊಂಡು ನನ್ನ ಮದುವೆಗೆ ಬಂದೆ. ನಮ್ಮವರು "ಸಂಕದ ಚನ್ನವೀರ" ಎಂದು ಕರೆದು ನಕ್ಕಾಗ, "ಬಯಲುಸೀಮಿ ಎತ್ತಿಗೆ ಸಂಕ ಏನ್ ಗೊತ್ರಿ" ಎಂದು ನೀನೂ ನಕ್ಕೆ. ನಾನು ನಿನಗೆ ಹೋಳಿಗೆ ಬಡಿಸಿದೆ.

ಎಷ್ಟೋ ವರ್ಷಗಳಿಂದ ನನ್ನನ್ನು ಕಾಡುವುದು ಇದೇ: ನಿನಗೆ ಎಷ್ಟು ಗೊತ್ತಿತ್ತು? ನೀನು ಕಾಪಾಡಿದ್ದು ಗೆಳೆಯನ ಬಾಯಿಂದ ತಪ್ಪಿ ಬಂದ ಒಂದು "ಹೂಂ" ಅನ್ನು ಮಾತ್ರವೇ? ಅಥವಾ ತೋಳಿಗೆ ತಾಗಿದ ಟೊಂಗೆಯನ್ನು ನೋಡಿ, ನಾಯ್ಕರ ಮಾತನ್ನು ಕೇಳಿ, ಎರಡನ್ನೂ ಕೂಡಿಸಿ, ನನಗೆ ಹೇಳಲು ಒಂದು ಅವಕಾಶ ಕೊಟ್ಟೆಯೇ? ಗೊತ್ತಿಲ್ಲದಿದ್ದರೆ, ನೀನು ಕ್ಷಮಿಸಿದ್ದು ಸಣ್ಣ ತಪ್ಪನ್ನು. ದೊಡ್ಡದು ಹಾಗೇ ಉಳಿದಿದೆ. ಗೊತ್ತಿದ್ದರೆ — ಆ ವಾಕ್ಯವನ್ನು ಮುಗಿಸಲು ನನ್ನಿಂದ ಆಗುತ್ತಿಲ್ಲ.

ರಾಮ ನಾಯ್ಕರು ಈಗಿಲ್ಲ. ಅವರನ್ನು ಹತ್ತಾರು ಜನರ ಎದುರಿಗೆ ಸುಳ್ಳುಗಾರನನ್ನಾಗಿ ಮಾಡಿದ್ದರಿಂದ ಇದನ್ನು ಹತ್ತಾರು ಜನ ಓದುವಲ್ಲಿ ಬರೆಯುತ್ತಿದ್ದೇನೆ. ನಾಳೆ ನಿಲ್ಕುಂದಕ್ಕೆ ಹೋಗಿ ಅವರ ಮಗನ ಮುಂದೆ ಇದನ್ನೇ ಬಾಯಲ್ಲಿ ಹೇಳುತ್ತೇನೆ. ಅಲ್ಲಿಂದ ಬನವಾಸಿಗೆ ಬರುತ್ತೇನೆ. ನೀನು ಮಾತಾಡಿಸದಿದ್ದರೂ ಸರಿ, ಅಂಗಡಿಯ ಮುಂದೆ ನಿಂತಿರುತ್ತೇನೆ.

ಆ ಹೂವಿನ ಹೆಸರು ಒಬೆರೋನಿಯಾ, ಚನ್ನವೀರಾ. ನೀನು ಕೇಳಿದ ಆ ದಿನವೇ ನನಗೆ ಗೊತ್ತಿತ್ತು. ಆಸ್ಪತ್ರೆಗೆ ಬರುವ ಮೊದಲು ನಾನು ಲೈಬ್ರರಿಗೆ ಹೋಗಿದ್ದೆ.