ಗೌರಿ ಹೂವಿಗೆ ಜಾಗ ಬೇಕಾಗಿದೆ

ಸೋಮವಾರ ಸಂಜೆ ನಾನು ಹೂವು ಕದಿಯಲು ಕೆಲಗೇರಿ ಕೆರೆಯ ಆಚೆಗಿನ ಗುಡ್ಡಕ್ಕೆ ಹೋದೆ. ಹೂವಿನ ಪಕ್ಕದಲ್ಲಿ, ಕೊಡೆ ಬಿಚ್ಚಿಕೊಂಡು, ಪ್ರೊಫೆಸರ್ ವಾಮನರಾಯರು ಕೂತಿದ್ದರು.

ರಾಯರು ನಮ್ಮ ನೆರೆಮನೆಯವರು. ಕಾಲೇಜಿನಲ್ಲಿ ಬಾಟನಿ ಕಲಿಸುತ್ತಾರೆ. ಗುಡ್ಡದಲ್ಲಿ ಈ ಗಿಡ ಇದೆ ಎಂದು ಹಿಂದೊಮ್ಮೆ ನನ್ನ ಮುಂದೆ ಬಾಯಿಬಿಟ್ಟವರೂ ಅವರೇ. "ಬರ್ರಿ, ಬರ್ರಿ. ನೀವು ಬರತೀರಿ ಅಂತ ಗೊತ್ತಿತ್ತು" ಅಂದರು. ಕಳ್ಳನಿಗೆ ಇಷ್ಟು ಮರ್ಯಾದೆ ಧಾರವಾಡದಲ್ಲಿ ಮಾತ್ರ ಸಿಗುತ್ತದೆ.

(ಹೂವು ಕದಿಯುವ ವಯಸ್ಸೇ ಇದು ಎಂದು ಹುಬ್ಬೇರಿಸಬೇಡಿ. ಕಾರಣ ಇದೆ.)

ಮರುದಿನ ನಮ್ಮ ಮಗಳು ಇಂದಿರೆಯ ಮೊದಲ ಮಂಗಳಗೌರಿ ಪೂಜೆ. ಮದುವೆಯಾಗಿ ಹುಬ್ಬಳ್ಳಿಗೆ ಹೋದವಳು ಪೂಜೆಗೆಂದು ತವರಿಗೆ ಬಂದಿದ್ದಳು. ಅವಳ ಅತ್ತೆಯೂ ಬರುವವರಿದ್ದರು. ಬೀಗರ ಮನೆತನದಲ್ಲಿ ಗೌರಿ ಹೂವು ಏರಿಸದೆ ಮಂಗಳಗೌರಿ ಆಗುವುದಿಲ್ಲ. ಶ್ರಾವಣದಲ್ಲಿ ಹುಲ್ಲಿನ ನಡುವೆ ಬಳ್ಳಿ ಎದ್ದು, ಕೆಂಪು-ಹಳದಿ ಎಸಳುಗಳನ್ನು ಮೇಲಕ್ಕೆತ್ತಿ ಉರಿಯುತ್ತಿರುತ್ತದಲ್ಲ, ಅದೇ. ನಾವು ಸಣ್ಣವರಿದ್ದಾಗ ದನ ಕಾಯುವವರ ರುಮಾಲಿನಲ್ಲೂ ಇರುತ್ತಿತ್ತು. ಈಗ ಪೇಟೆಯೆಲ್ಲ ಅಲೆದರೂ ಒಂದು ಹೂವಿಲ್ಲ. "ಗೌರಿಗೆ ಮಲ್ಲಿಗಿ ಸಾಲೂದಿಲ್ಲೇನ್ರಿ?" ಎಂದು ಹೂವು ಮಾರುವಾಕೆ ಕೇಳಿದಳು. ಗೌರಿಗೆ ಸಾಲಬಹುದು. ಬೀಗತಿಗೆ?

"ಎಲ್ಲಿ ಹೋತು ರಾಯರ, ಈ ಹೂವು?" ಎಂದು ಕೇಳಿದೆ.

"ಅದು ಎಲ್ಲೂ ಹೋಗಿಲ್ಲರಿ. ನಾವು ಅದರ ಜಾಗಕ್ಕ ಹೋಗೇವಿ. ಅದು ಹುಲ್ಲಗಾವಲದ ಗಿಡ. ಹುಲ್ಲಗಾವಲ ಹರಗಿ ಹತ್ತಿ ಬಿತ್ತೇವಿ. ಉಳದದ್ದನ್ನ ಔಷಧದವರು ಗಡ್ಡಿ ಸಹಿತ ಅಗದು ಒಯ್ಯಲಿಕ್ಕತ್ತಾರ. ಮೊದಲ ನನ್ನ ರಿಪೋರ್ಟಿನ್ಯಾಗ 'ಕಾಮನ್' ಅಂತ ಬರೀತಿದ್ದೆ, ಆಮ್ಯಾಲೆ 'ರೇರ್' ಆತು. ಈಗ ಧಾರವಾಡದ ಸುತ್ತ ನಾ ಕಂಡದ್ದು ಇದೊಂದ ಗಿಡ. ಹುಬ್ಬಳ್ಳಿ ಕಡೆ ಬೈರಿದೇವರಕೊಪ್ಪದ ದಿಬ್ಬದ ಮ್ಯಾಲೆ ಒಂದಿಷ್ಟು ಅವ. ಅದ ಸಮಾಧಾನ."

ಇದು ಬೀಜ ಕಟ್ಟುವ ತನಕ ದಿನಾ ಸಂಜೆ ಬಂದು ಕೂಡುತ್ತಾರಂತೆ.

"ಒಂದ ಹೂವು, ರಾಯರ. ಮಗಳ ಮೊದಲನೇ ಗೌರಿ."

ರಾಯರು ಬೈಯಲಿಲ್ಲ. "ಮಗಳ ಮಾತು ತಂದ್ರಿ. ಕೊಯ್ಕೊಳ್ರಿ" ಅಂದು ಕೆರೆಯ ಕಡೆ ಮುಖ ತಿರುಗಿಸಿ ಕೂತರು. ಹೀಗೆ ಅಂದರೆ ಯಾರಿಗೆ ಕೈ ಬರುತ್ತದೆ? ಬೈದಿದ್ದರೆ ಎರಡು ಕೊಯ್ಯುತ್ತಿದ್ದೆ. ಬರಿಗೈಯಲ್ಲಿ ಮನೆಗೆ ಬಂದೆ.

ಮನೆಯಲ್ಲಿ ನನ್ನ ಪೂಜೆ ಒಂದು ದಿನ ಮೊದಲೇ ಆಯಿತು. "ಗಿಡದ ಚಿಂತಿ ಮಾಡಿದ್ರಿ. ನಾಳೆ ಬೀಗರ ಮುಂದ ನನ್ನ ಮಗಳ ಮುಖಾ ಸಣ್ಣದಾದ್ರ?" ಎಂದು ನಮ್ಮಾಕೆ ತಂಬಿಗೆ ಕುಕ್ಕಿದಳು. ಇಂದಿರೆ ಮಾತ್ರ "ಛಲೋ ಮಾಡಿದ್ರಿ ಅಪ್ಪಾ. ಅತ್ತ್ಯಾರಿಗೆ ನಾ ಹೇಳತೇನಿ" ಅಂದಳು. ಕಾಲೇಜಿನ ಇಂಟರ್ ಕ್ಲಾಸಿನಲ್ಲಿ ರಾಯರ ಕೈಯಲ್ಲೇ ಬಾಟನಿ ಕಲಿತವಳು. ಕಲಿತದ್ದು ಅತ್ತೆಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತದೆ?

ಮಂಗಳವಾರ ಬೆಳಗಿನ ಗಾಡಿಗೆ ಬೀಗತಿ ಬಂದರು. ಟಾಂಗಾದಿಂದ ಅವರಿಗಿಂತ ಮೊದಲು ಒಂದು ಬುಟ್ಟಿ ಇಳಿಯಿತು. ಮೇಲಿನ ಒದ್ದೆ ಬಟ್ಟೆ ತೆಗೆದರೆ ಬುಟ್ಟಿ ತುಂಬ ಗೌರಿ ಹೂವು. ಬಳ್ಳಿ ಸಹಿತ, ಗಡ್ಡೆ ಸಹಿತ!

"ಧಾರವಾಡದಾಗ ಸಿಗೂದಿಲ್ಲಂತ ಕೇಳಿದ್ದೆ. ನಿಮಗ್ಯಾಕ ತ್ರಾಸು ಅಂತ ಬೈರಿದೇವರಕೊಪ್ಪದ ದಿಬ್ಬಕ್ಕ ಆಳು ಕಳಿಸಿ ಅಗಸಿದೆ. ಬೇರು ಇದ್ರ ಬಾಡೂದಿಲ್ಲ ನೋಡ್ರಿ. ಒಂದೂ ಬಿಟ್ಟಿಲ್ಲ."

ನಾವು ಊಟಕ್ಕೆ ಕರೆದಿದ್ದ ರಾಯರು ಪಡಸಾಲೆಯಲ್ಲೇ ಇದ್ದರು. "ಒಂದೂ?" ಅಂದರು.

"ಒಂದೂ" ಅಂದರು ಬೀಗತಿ, ಹೆಮ್ಮೆಯಿಂದ.

ಬೀಗತಿಯದೊಂದೇ ತಪ್ಪೇ? ಬೀಗರಿಗೆ ಕೊಡುವಾಗ ಕಡಿಮೆ ಬೀಳಬಾರದು ಎಂಬುದು ನಮ್ಮೆಲ್ಲರ ರೀತಿ. ಬಡಿಸಿದರೆ ಎಲೆ ಕಾಣಬಾರದು. ಹೂವು ಕೊಟ್ಟರೆ ದಿಬ್ಬ ಬೋಳಾಗಬೇಕು.

ರಾಯರು ಒಂದು ಗಡ್ಡೆ ಎತ್ತಿ ನೋಡಿದರು. "ಇನ್ನೂ ಜೀವ ಅದ. ಲಗೂನ ಮಣ್ಣಾಗ ಇಟ್ರ ಉಳೀತಾವ" ಅಂದರು. ಪೂಜೆ ಮುಗಿಯುವ ತನಕ ಅವರ ಕಣ್ಣು ಬುಟ್ಟಿಯ ಮೇಲೇ ಇತ್ತು.

ಆರತಿಯಾದ ಮೇಲೆ ಇಂದಿರೆ ಅತ್ತೆಗೆ ನಮಸ್ಕಾರ ಮಾಡಿ ಎದ್ದಳು. "ಅತ್ತ್ಯಾರ, ಈ ಗಡ್ಡಿ ನಮ್ಮ ಹುಬ್ಬಳ್ಳಿ ಮನಿ ಹಿತ್ತಲದಾಗ ಹಚ್ಚೋಣೇನ್ರಿ?"

ಗೌರಿ ಹೂವಿನ ಗಿಡ ಹಚ್ಚಿದ ಮನೆಯಲ್ಲಿ ಜಗಳ ತಪ್ಪುವುದಿಲ್ಲ ಎಂಬುದು ನಮ್ಮ ಹೆಂಗಸರ (ಮತ್ತು ಬಾಯಿಬಿಟ್ಟು ಹೇಳದ ಗಂಡಸರ) ನಂಬಿಕೆ. ದೇವಿಯ ತಲೆಯ ಮೇಲೆ ನಡೆಯುತ್ತದೆ, ಹಿತ್ತಲಲ್ಲಿ ನಡೆಯುವುದಿಲ್ಲ.

"ಜಗಳಾ ತರೂ ಗಿಡಾ! ನನ್ನ ಮನ್ಯಾಗ?" ಅಂದರು ಬೀಗತಿ.

"ಗೌರಿಗೆ ಬೇಕಾದದ್ದು ಗೌರಿ ಕೂಡಸೂ ಮನಿಗೆ ಯಾಕ ಬ್ಯಾಡ್ರಿ?" ಇಂದಿರೆ ಕೇಳಿಯೇ ಬಿಟ್ಟಳು. ಹೊಸ ಸೊಸೆ! ನನಗೆ ಹೆದರಿಕೆಯೂ ಆಯಿತು, ಎದೆಯೂ ತುಂಬಿ ಬಂತು.

ಬೀಗತಿ ಸೊಸೆಯನ್ನು ನೋಡಿದರು, ಬುಟ್ಟಿಯನ್ನು ನೋಡಿದರು. "ಹಚ್ಚವಾ, ಹಚ್ಚು. ಆದ್ರ ತವರುಮನ್ಯಾಗ ಹಚ್ಚು."

"ನಮ್ಮ ಮನ್ಯಾಗ ಯಾಕ್ರಿ ಬೀಗರ?" ಎಂದು ನಮ್ಮಾಕೆ ಒಳಗಿನಿಂದ ಬಂದಳು.

"ನೀವು ಭಾಳ ಸಮಾಧಾನದವರು, ಅದಕ್ಕ."

"ನಿಮ್ಮಷ್ಟು ಇಲ್ಲ ಬಿಡ್ರಿ."

ನಗುನಗುತ್ತಲೇ, ಒಂದು 'ರಿ' ಕೂಡ ಬಿಡದೆ, ಮಾತು ಮಧ್ಯಾಹ್ನದ ತನಕ ನಡೆಯಿತು. ರಾಯರು ತಮ್ಮ ಮನೆಗೆ ಒಯ್ಯುತ್ತೇನೆ ಅಂದರು. ಅದು ಬಾಡಿಗೆ ಮನೆ. ಮಾಲಕರು ಬಾಗಿಲಲ್ಲೇ ತಿರುಗಿಸಿ ಕಳಿಸಿದರು. ಗುಡ್ಡದಲ್ಲಿ ಹಚ್ಚಿದರೆ ಔಷಧದವರಿಗೆ ನಾವೇ ತಾಟು ಬಡಿಸಿ ಇಟ್ಟಂತೆ.

ಗಡ್ಡೆಗಳು ಈಗ ನಮ್ಮ ಪಡಸಾಲೆಯಲ್ಲಿ ಒದ್ದೆ ಗೋಣಿಯ ಕೆಳಗೆ ಇವೆ. (ಯಾರೂ ಪಲ್ಯ ಮಾಡಬೇಡಿ, ವಿಷ.) ಈ ವಾರ ದಾಟಿದರೆ ಕೊಳೆಯುತ್ತವೆ ಎನ್ನುತ್ತಾರೆ ರಾಯರು. ಆಮೇಲೆ ಗುಡ್ಡದ ಆ ಒಂದು ಗಿಡ ಬಿಟ್ಟರೆ ಅವರ ರಿಪೋರ್ಟಿನಲ್ಲಿ ಬರೆಯಲು ಏನೂ ಉಳಿಯುವುದಿಲ್ಲ. ಆದ್ದರಿಂದ ಓದುಗರಲ್ಲಿ ಬಿನ್ನಹ.

ಮನೆಯಲ್ಲಿ ಮೊದಲೇ ಜಗಳ ಇರುವವರು ಬಂದು ಒಂದೊಂದು ಗಡ್ಡೆ ಒಯ್ದು ಹಚ್ಚಿರಿ. ಆದರೆ ದಯವಿಟ್ಟು, ಇಡೀ ಧಾರವಾಡ ಒಮ್ಮೆಲೇ ಬರಬೇಡಿ.