ನಮ್ಮ ಮನೆಯ ಬೀಗ ಒಡೆದವಳು

ಶಹಾಪುರಕ್ಕೆ ಬಂದಿಳಿದ ದಿನ, ಗಂಟುಮೂಟೆ ಬಿಚ್ಚುವ ಮೊದಲೇ, ಗುರುತಿಲ್ಲದ ಹೆಂಗಸೊಬ್ಬಳು ಸೀದಾ ಅಡುಗೆಮನೆಗೆ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡಿದಳು.

"ಬರೇ ಅನ್ನ ಏನ್ರಿ? ರೊಟ್ಟಿ ಇಲ್ಲಂದ್ರ ಹೊಟ್ಟಿ ಹ್ಯಾಂಗ ತುಂಬ್ತದ?"

ಎದುರುಮನೆಯ ಮಹಬೂಬಿ. ಗಂಡ ಎಲ್ಲಿ, ಮಕ್ಕಳೆಷ್ಟು, ತಾಯಿ ಯಾಕೆ ಹಾಗೆ ಸುಮ್ಮನೆ ಕೂತಿದ್ದಾರೆ ಎಂದು ಒಂದೇ ಉಸಿರಿನಲ್ಲಿ ಕೇಳಿದಳು. ನಂಜನಗೂಡಿನ ನಮ್ಮ ಬೀದಿಯಲ್ಲಾದರೆ ಇಂಥದ್ದನ್ನೆಲ್ಲ ಬೆನ್ನ ಹಿಂದೆ ಕೇಳುತ್ತೇವೆ. ಇದೆಂಥ ಜನವಪ್ಪಾ ಎಂದುಕೊಂಡು, ಅಮ್ಮನಿಗೆ ಸುಸ್ತು ಅಷ್ಟೇ ಎಂದು ಸುಳ್ಳು ಹೇಳಿದೆ.

ಅಮ್ಮನಿಗೆ ಇದ್ದದ್ದು ಸುಸ್ತಲ್ಲ, ಮರೆವು. ಊರಿನಲ್ಲೇ ಎರಡು ಸಲ ದಾರಿ ತಪ್ಪಿಸಿಕೊಂಡಿದ್ದಳು. ಆಗಲೂ ಯಾರಿಗೂ ಹೇಳಿರಲಿಲ್ಲ. ಶಹಾಪುರದ ಪಕ್ಕದ ಭೀಮರಾಯನಗುಡಿಯ ಕಚೇರಿಗೆ ನನಗೆ ವರ್ಗವಾದಾಗ ಅಮ್ಮನನ್ನು ಜೊತೆಗೇ ಕರೆತಂದೆ. ಬೆಳಿಗ್ಗೆ ಊಟ ಮುಚ್ಚಿಟ್ಟು, ಹೊರಗಿನಿಂದ ಬೀಗ ಜಡಿದು ಬಸ್ಸು ಹತ್ತುತ್ತಿದ್ದೆ. ಇಲ್ಲಿ ಬೀಗಕ್ಕೆ ಕೀಲಿ ಅನ್ನುತ್ತಾರೆ, ಹಗಲು ಹೊತ್ತು ಅದನ್ನು ಹಾಕುವವರೇ ಕಡಿಮೆ. ಬೇರೇನು ಮಾಡಬಹುದು ಎಂದು ನನಗೂ ತೋಚಿರಲಿಲ್ಲ.

ಒಂದು ಸಂಜೆ ಬಂದು ನೋಡಿದರೆ ಬೀಗ ಒಡೆದು ಹೊಸ್ತಿಲಲ್ಲಿ ಬಿದ್ದಿದೆ, ಪಕ್ಕದಲ್ಲಿ ಒಂದು ಕಲ್ಲು. ಒಳಗೆ ಅಮ್ಮ ಇಲ್ಲ! ಚಪ್ಪಲಿ ಎಲ್ಲೋ, ನಾನೆಲ್ಲೋ, ಎದುರುಮನೆಗೆ ಓಡಿದೆ.

ಅಮ್ಮ ಮಹಬೂಬಿಯ ಅಂಗಳದಲ್ಲಿ ಕಾಲು ಚಾಚಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಪಕ್ಕದ ತಟ್ಟೆಯಲ್ಲಿ ಅರ್ಧ ಜೋಳದ ರೊಟ್ಟಿ, ಪುಂಡಿ ಸೊಪ್ಪಿನ ಪಲ್ಯ. "ಬಂದ್ಯಾ? ಕೈಕಾಲು ತೊಳ್ಕೊಂಡು ಬಾ, ಊಟ ಮಾಡುವಂತೆ," ಎಂದಳು, ತನ್ನದೇ ಮನೆಯೆಂಬಂತೆ.

ಸಮಾಧಾನವಾಗಬೇಕಿದ್ದ ನನಗೆ ಸಿಟ್ಟು ನೆತ್ತಿಗೇರಿತು. "ಬೀಗ ಯಾಕೆ ಒಡೆದಿರಿ?"

"ನಾನ ಒಡದೇನಿ ನೋಡ್ರಿ. ಕಿಟಕ್ಯಾಗ ನಿಂತು ಅಳಾಕತ್ತಿದ್ರು. ಹಡದ ತಾಯಿಗಿ ಕೀಲಿ ಹಾಕಿ ಹೋಗ್ತಾರೇನ್ರಿ ಯಾರರ?"

"ಅವರಿಗೆ ಮರೆವಿದೆ. ಹೊರಗೆ ಹೋದರೆ ಮನೆ ಗೊತ್ತಾಗಲ್ಲ." ಮೊದಲ ಸಲ ಆ ಮಾತು ಬಾಯಿಂದ ಹೊರಬಿತ್ತು.

ಮಹಬೂಬಿ ನನ್ನನ್ನೇ ದುರುಗುಟ್ಟಿ ನೋಡಿದಳು. "ಆ ಒಂದ್ ಮಾತ್ ಮೊದಲ ಹೇಳಾಕ ಏನಾಗಿತ್ತು? ನಾವೇನ್ ಸತ್ತೀವೇನ್ರಿ ಇಲ್ಲಿ?"

ಅಲ್ಲೇ ಕೂತು ಅತ್ತುಬಿಟ್ಟೆ. ಆಕೆ ಗದರುತ್ತಲೇ ನೀರು ಕೊಟ್ಟಳು.

ನೆಂಟರ ಮನೆಯಲ್ಲೂ ನೀರು ಮುಟ್ಟದಿದ್ದ ಮಡಿಯ ಅಮ್ಮ ಈಗ ದಿನವೂ ಅಲ್ಲೇ ಉಣ್ಣುತ್ತಾಳೆ. ಮಡಿಯೂ ಮರೆತುಹೋಗಿದೆ ಪಾಪ. ದೇವರಿಗೆ ಕೋಪ ಬಂದರೆ ನನ್ನ ಮೇಲೆ ಬರಲಿ, ಬೀಗ ಹಾಕಿದವಳು ನಾನು. ಮಹಬೂಬಿ ನಮಾಜಿಗೆ ಕೂತರೆ ಅಮ್ಮ ಪಕ್ಕದಲ್ಲೇ ಕೈಮುಗಿದು ಕೂರುತ್ತಾಳಂತೆ. ಒಮ್ಮೆ ಬಸ್ ನಿಲ್ದಾಣದವರೆಗೂ ನಡೆದುಬಿಟ್ಟಿದ್ದಳು. ಬಳೆ ಮಾರುವವಳೊಬ್ಬಳು "ಇವ್ರು ಮಹಬೂಬಿ ಓಣಿಯವ್ರು" ಎಂದು ಕೈಹಿಡಿದು ಕರೆತಂದಳು. ಕಚೇರಿಯಲ್ಲಿ ಈಗ ಮಧ್ಯಾಹ್ನದ ಬುತ್ತಿ ರುಚಿಸುತ್ತದೆ.

ಬೇಸಿಗೆಯಲ್ಲಿ ನಮ್ಮೂರ ಹೊಳೆ ಕಪಿಲೆಯ ತಣ್ಣನೆ ನೀರು ನೆನಪಾಗುತ್ತದೆ, ನಿಜ. ಊರ ಕಡೆಗೆ ವರ್ಗ ಕೇಳಿ ಅರ್ಜಿಯನ್ನೂ ಹಾಕಿದ್ದೇನೆ. ಊರಿಗೆ ಬರಲು ಮನಸ್ಸಿದೆ, ಇಲ್ಲಿಂದ ಹೊರಡಲು ಕಾಲೇಳುವುದಿಲ್ಲ. ಶಹಾಪುರದ ಒಂದು ಓಣಿಗೆಲ್ಲ ಗೊತ್ತಿರುವ ಸಂಗತಿ, ನಾನು ಹುಟ್ಟಿ ಬೆಳೆದ ಬೀದಿಗೆ ಇನ್ನೂ ಗೊತ್ತಿಲ್ಲ. ಅದಕ್ಕೇ ನಂಜನಗೂಡಿನ ನಿಮಗೆಲ್ಲ ಇದನ್ನು ಬರೆದೆ. ನಾವು ಬಂದ ಮೇಲೆ ಅಮ್ಮ ಒಬ್ಬಳೇ ಎಲ್ಲಿಗೋ ಹೊರಟಿದ್ದು ಕಂಡರೆ, ನೋಡಿಯೂ ನೋಡದವರಂತೆ ಹೋಗಬೇಡಿ. ಕೈಹಿಡಿದು ಮನೆಗೆ ಕರೆತನ್ನಿ.