ಉಸಿರಿಗೆ ಜಾಗವಿಲ್ಲದ ಹಾಡು

ಮದುವೆಯ ಮೆರವಣಿಗೆಗೆ ಮೂರೇ ದಿನ ಉಳಿದಿತ್ತು. ಬುಡನ್ ಸಾಬರಿಗೆ ಆ ಹಾಡಿನಲ್ಲಿ ಉಸಿರೆಳೆದುಕೊಳ್ಳುವ ಜಾಗ ಇನ್ನೂ ಸಿಕ್ಕಿರಲಿಲ್ಲ.

ಹರಿಹರದ ಈ ಕ್ಲಾರಿಯೋನೆಟ್ ವಾದಕರಿಗೆ ಐವತ್ತೊಂಬತ್ತು ವರ್ಷ. ದಾವಣಗೆರೆಯ ಉಚ್ಚೆಂಗಪ್ಪನ ಬ್ಯಾಂಡ್ ಸೆಟ್ಟಿನಲ್ಲಿ ಮೂವತ್ತಾರು ವರ್ಷಗಳಿಂದ ಮುಂದಿನ ಸಾಲು ಅವರದೇ. ತಂದೆ ಮಕ್ತುಮ್ ಸಾಬ್ ಕಲಿಸಿದ್ದು ಒಂದೇ ಪಾಠ: ಹಾಡನ್ನು ಬೆರಳಿನಿಂದ ಕಲಿಯಬೇಡ, ಮಾತಿನಿಂದ ಕಲಿ, ಹಾಡುವವನು ಎಲ್ಲಿ ನಿಲ್ಲುತ್ತಾನೋ ನೀನೂ ಅಲ್ಲೇ ನಿಲ್ಲು. ಹಾಗಾಗಿ ಸಿನಿಮಾ ಹಾಡಿರಲಿ, ಕವ್ವಾಲಿಯಿರಲಿ, ವಚನವಿರಲಿ, ಮನಸ್ಸಿನಲ್ಲಿ ಮಾತು ಹೇಳಿಕೊಳ್ಳುತ್ತಲೇ ಅವರು ಊದುತ್ತಿದ್ದರು.

ಎಸ್.ಎಸ್. ಬಡಾವಣೆಯ ಮದುಮಗ ಬಕ್ಕೇಶ್ ಕೇಳಿದ್ದು ಜಗತ್ತಿಗೆಲ್ಲ ಗೊತ್ತಿರುವ ಒಂದು ಹಳೆಯ ಇಂಗ್ಲಿಷ್ ರಾಕ್ ಹಾಡು. ಅದನ್ನು ಯಾರೋ ಬರೀ ಗಿಟಾರಿನಲ್ಲಿ ನುಡಿಸಿದ್ದನ್ನು ಫೋನಿಗೆ ಕಳಿಸಿ, "ನೀವೂ ಮಾತಿಲ್ದಂಗೇ ಬಾರ್ಸೋದಲ್ರೀ, ಇದನ್ನೇ ಹಿಡೀರಿ" ಎಂದಿದ್ದ. ಗಿಟಾರಿಗೆ ಶ್ವಾಸಕೋಶವಿಲ್ಲ. ಸ್ವರದ ಬಾಲಕ್ಕೆ ಸ್ವರ ಕಟ್ಟಿ ಎಳೆದುಕೊಂಡೇ ಹೋಗುತ್ತಿತ್ತು. ಬುಡನ್ ಸಾಬರಿಗೋ ಹತ್ತು ತಿಂಗಳಿಂದ ದಮ್ಮು. ಊದುವುದನ್ನು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದು ಬ್ಯಾಂಡಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಉಚ್ಚೆಂಗಪ್ಪ ಹೊಸದಾಗಿ ಕೀಬೋರ್ಡ್ ತಂದು ಗಾಡಿಯ ಮೇಲೆ ಕೂರಿಸಿದ್ದ. ನಡುಬೀದಿಯಲ್ಲಿ ಉಸಿರು ಸಿಕ್ಕಿಕೊಂಡರೆ ಮರುದಿನವೇ ಆ ಗಾಡಿ ಮುಂದಿನ ಸಾಲಿಗೆ ಬರುತ್ತಿತ್ತು.

"ಮೂರನೇ ಸಾಲಿಗೇ ಮುಖ ಕೆಂಪಾಗ್ತೈತೆ" ಎಂದಳು ಹೆಂಡತಿ ಖೈರುನ್ನೀಸಾ, ಬೆಳ್ಳುಳ್ಳಿ ಸುಲಿಯುತ್ತ. "ಆಗಲ್ಲ ಅಂತ ಉಚ್ಚೆಂಗಪ್ಪಗೆ ಹೇಳಿಬಿಡ್ರಿ."

"ಹೇಳಿದ್ರೆ ಆ ಕೀಬೋರ್ಡ್ ಪೆಟ್ಟಿಗೆ ಮುಂದೆ ಹೋಗ್ತೈತೆ."

"ಹೋಗ್ಲಿ ಬಿಡ್ರಿ. ನೀವು ಮ್ಯಾಲೆ ಹೋಗೋದಕ್ಕಿಂತ ಅದು ಮುಂದೆ ಹೋಗೋದು ವಾಸಿ."

ಬುಡನ್ ಸಾಬ್ ಮತ್ತೆ ಊದಿದರು, ಮತ್ತೆ ಅದೇ ತಿರುವಿನಲ್ಲಿ ಕೆಮ್ಮಿದರು. ಕಾಲೇಜಿಗೆ ಹೊರಟಿದ್ದ ಮಗಳು ನುಜತ್ ಬಾಗಿಲಲ್ಲೇ ನಿಂತಳು.

"ಅಬ್ಬಾ, ಇದನ್ನ ಹಾಡಿದವ್ರದ್ದು ಕೇಳೀರಾ?"

"ಇಂಗ್ಲಿಷ್ ನನಗೆಲ್ಲಿ ತಿಳೀತೈತೆ? ಕೇಳಿ ಏನ್ ಮಾಡ್ಲಿ?"

"ಅರ್ಥ ಯಾಕ ಬೇಕು? ಅವ್ನೂ ಮನುಷ್ಯನೇ ಅಲ್ವಾ, ಎಲ್ಲಾದ್ರೂ ಉಸಿರು ತಗೊಂಡಿರ್ತಾನೆ."

ಅವಳು ಮೂಲ ಹಾಡು ಹಾಕಿ, ಫೋನನ್ನು ಅವರ ಕೈಗಿಟ್ಟು ಹೋದಳು. ನಾಲ್ಕನೇ ಸಾಲಿಗೆ ಮುಂಚೆ, ಗಾಯಕ ಗಾಳಿಯನ್ನು ಗುಟುಕರಿಸಿದ ಸದ್ದು ಸ್ಪಷ್ಟವಾಗಿ ಕೇಳಿಸಿತು. ತಂದೆಯ ಪಾಠ ಮರೆತಿದ್ದಕ್ಕೆ ಬುಡನ್ ಸಾಬ್ ತಮ್ಮನ್ನೇ ಬೈದುಕೊಂಡರು. ಸಂಜೆಯ ಹೊತ್ತಿಗೆ ಹನ್ನೊಂದು ಜಾಗ ಸಿಕ್ಕವು. ಆದರೆ ನಡುವೆ ಗಾಯಕನೇ ಸುಮ್ಮನಾಗಿ, ಗಿಟಾರೊಂದೇ ಒಂದು ನಿಮಿಷ ಓಡುತ್ತಿತ್ತು. ಅಲ್ಲಿ ಉಸಿರಾಡುವವರು ಯಾರೂ ಇರಲಿಲ್ಲ. ಆ ಒಂದು ನಿಮಿಷದ ಭಯವನ್ನು ಹೊತ್ತುಕೊಂಡೇ ಅವರು ಮೂರನೆಯ ದಿನ ದಾವಣಗೆರೆಯ ಬಸ್ಸು ಹತ್ತಿದರು.

ಸಂಜೆ ಐದಕ್ಕೆ ಮೆರವಣಿಗೆ ಹೊರಟಿತು. ಎರಡು ಸಿನಿಮಾ ಹಾಡು ಮುಗಿದ ಮೇಲೆ ಬಕ್ಕೇಶ್ ಕಾರಿನಿಂದ ಕೈ ಎತ್ತಿದ. ಬುಡನ್ ಸಾಬ್ ಆ ಇಂಗ್ಲಿಷ್ ಹಾಡು ಹಿಡಿದರು. ಮೊದಲ ಭಾಗ ನೀರಿಳಿದಂತೆ ಇಳಿಯಿತು. ಗಾಯಕ ಉಸಿರೆಳೆದಲ್ಲೆಲ್ಲ ಅವರೂ ಎಳೆದರು. ಗೆಳೆಯರು ಕುಣಿಯತೊಡಗಿದರು. ಆಮೇಲೆ ಗಿಟಾರಿನ ಭಾಗ ಬಂತು. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಎದೆಯನ್ನು ಹಗ್ಗದಿಂದ ಬಿಗಿದಂತಾಯಿತು. ಬೆರಳು ಸರಿಯಾಗಿಯೇ ಓಡುತ್ತಿದ್ದವು, ಗಾಳಿ ಇರಲಿಲ್ಲ. ಇನ್ನೊಂದು ಸುತ್ತು ಎಳೆದರೆ ಬೀಳುವುದು ಖಂಡಿತ ಎಂದು ತಿಳಿಯಿತು.

ಅವರು ಕ್ಲಾರಿಯೋನೆಟ್ಟನ್ನು ಬಾಯಿಂದ ತೆಗೆದು ಮೇಲಕ್ಕೆತ್ತಿದರು. "ಮಾರುತಿ, ನೀನೇ ಹೊಡಿ!"

ಪಕ್ಕದ ಡ್ರಮ್ಮಿನವನು ಒಂದು ಕ್ಷಣ ಬೆಪ್ಪಾದ. ಆಮೇಲೆ ಬಾರಿಸತೊಡಗಿದ, ಡೋಲಿನವರು ಸೇರಿಕೊಂಡರು. ಹುಡುಗರು ಇನ್ನೂ ಜೋರಾಗಿ ಕುಣಿದರು. ಬಕ್ಕೇಶ್ ಮಾತ್ರ ಕಾರಿನಿಂದ ಬಗ್ಗಿ, "ಗಿಟಾರಿನ ಭಾಗ ಎಲ್ರೀ?" ಎಂದು ಕೂಗಿದ. ಬುಡನ್ ಸಾಬ್ ಆರು ಸಲ ಉಸಿರೆಳೆದುಕೊಂಡು, ಮಾತು ಮತ್ತೆ ಶುರುವಾಗುವಲ್ಲಿ ಸೇರಿಕೊಂಡು ಹಾಡು ಮುಗಿಸಿದರು.

ಕಲ್ಯಾಣ ಮಂಟಪದ ಮುಂದೆ ಬ್ಯಾಂಡು ನಿಂತಾಗ ಉಚ್ಚೆಂಗಪ್ಪ ಹತ್ತಿರ ಬಂದ. ಮೂವತ್ತಾರು ವರ್ಷ ಕೇಳಿದ ಕಿವಿ ಅದು.

"ಎಷ್ಟು ದಿನದಿಂದ, ಸಾಬ್ರೇ?"

ಊದುವ ತುದಿಯ ರೀಡು ಹಾಳಾಗಿತ್ತು ಎನ್ನಬಹುದಿತ್ತು. ಈ ಕಸುಬಿನ ಎಲ್ಲರೂ ಹೇಳುವ ಸುಳ್ಳದು.

"ಹತ್ತು ತಿಂಗ್ಳು."

"ಹತ್ತು ತಿಂಗ್ಳು ಬಾಯಿ ಮುಚ್ಕೊಂಡು ಊದೀರಲ್ರೀ, ಮಾರಾಯ್ರಾ! ಬೀದ್ಯಾಗೆ ಬಿದ್ದಿದ್ರೆ ನಾನು ಖೈರಮ್ಮಗೆ ಏನ್ ಹೇಳ್ಬೇಕಿತ್ತು?" ಅವನು ಕೀಬೋರ್ಡಿನ ಗಾಡಿಯ ಕಡೆ ನೋಡಿದ. "ಇನ್ಮ್ಯಾಲೆ ಹಾಡೋ ಭಾಗ ನಿಮ್ದು. ಮಾತಿಲ್ದ ಭಾಗ ಕೀಬೋರ್ಡಿಂದು. ಅದು ನಿಮ್ಮ ಪಕ್ಕದಾಗೇ ಬರ್ತೈತೆ. ಸೋಮವಾರ ಭಾನುವಳ್ಳಿ ಲಗ್ನ. ಆಗ್ತೈತಾ?"

ಮುಂದಿನ ಸಾಲಿನಲ್ಲಿ ಅವರ ಜಾಗ ಅರ್ಧ ಹೋಗಿತ್ತು, ಅರ್ಧ ಉಳಿದಿತ್ತು. ಬುಡನ್ ಸಾಬರ ಎದೆ ಇನ್ನೂ ಏರಿಳಿಯುತ್ತಿತ್ತು.

"ಯಾವ ಹಾಡು ಅಂತ ಇವತ್ತೇ ಹೇಳ್ರಿ," ಎಂದರು. "ಹಾಡಿದವ್ರದ್ದೇ ಕಳಿಸ್ರಿ."